ಅತ್ತೆಗೆ ನಾನು ಹೇಳಿದ ಫ್ರೆಂಚ್ ಸಿನಿಮಾ

ನಮ್ಮ ಮನೆಯಲ್ಲಿ ನನಗೆ ಸಂಬಳವಿಲ್ಲದ ಒಂದು ಉದ್ಯೋಗವಿತ್ತು. ಮಗಳು ಇಂಗ್ಲಿಷಿನಲ್ಲಿ ಹೇಳಿದ್ದನ್ನು ಅತ್ತೆಗೆ ಕನ್ನಡದಲ್ಲಿ ಹೇಳುವುದು. ಮಗಳು ಹುಟ್ಟಿ ಬೆಳೆದದ್ದೆಲ್ಲ ನೈರೋಬಿಯಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬೈದರಂತೂ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅತ್ತೆ ಮೈಸೂರಿನವರು. ಹೋದ ವರ್ಷ ಆರು ತಿಂಗಳ ಮಟ್ಟಿಗೆ ಕಿಲೆಲೆಶ್ವಾದ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಅವರ ಇಂಗ್ಲಿಷ್ 'ಥ್ಯಾಂಕ್ಯೂ', 'ಸಾರಿ', 'ಬಿಪಿ ನಾರ್ಮಲ್' ಇಷ್ಟಕ್ಕೆ ಮುಗಿಯುತ್ತಿತ್ತು. ಹಾಗಾಗಿ ಅಜ್ಜಿಯ ಮಾತು ಮೊಮ್ಮಗಳಿಗೆ ನೇರವಾಗಿ ತಲುಪುತ್ತಿತ್ತು, ಮೊಮ್ಮಗಳ ಮಾತು ಅಜ್ಜಿಗೆ ತಲುಪಬೇಕಾದರೆ ನನ್ನ ಬಾಯಿಂದಲೇ ಹಾದು ಹೋಗಬೇಕಿತ್ತು.

ನಾನು ಸುಮ್ಮನೆ ಹಾದು ಹೋಗಲು ಬಿಡುವವಳೇ? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವುದು ನನ್ನ ಭಾಷಾಂತರದ ಮೊದಲ ನಿಯಮ. ಅಜ್ಜಿಯ ಸೀರಿಯಲ್ಲಿನ ಗಲಾಟೆಗೆ ತಲೆ ಸಿಡಿಯುತ್ತಿದೆ ಎಂದು ಮಗಳು ಗೊಣಗಿದರೆ, "ಅಜ್ಜಿಗೆ ಸರಿಯಾಗಿ ಕೇಳಿಸ್ತಾ ಇದೆಯಾ ಅಂತ ವಿಚಾರಿಸ್ತಿದಾಳೆ" ಎನ್ನುತ್ತಿದ್ದೆ. ಅತ್ತೆ ಖುಷಿಯಾಗಿ, "ಬಂಗಾರದಂಥ ಮಗು" ಎಂದು ಸೌಂಡು ಇನ್ನೂ ಎರಡು ಗೆರೆ ಏರಿಸುತ್ತಿದ್ದರು. ಮಗಳು ನನ್ನನ್ನು ದುರುಗುಟ್ಟಿ ನೋಡಿ, ಕೊನೆಗೆ ನಕ್ಕು ರೂಮಿಗೆ ಹೋಗುತ್ತಿದ್ದಳು. ಮನೆ ತಣ್ಣಗಿತ್ತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಈ ಕಲೆ ಊರಿಗೆಲ್ಲ ಗೊತ್ತಾದದ್ದು ನಮ್ಮ ಸಿನಿಮಾ ಶನಿವಾರಗಳಿಂದ. ಸ್ಪ್ರಿಂಗ್ ವ್ಯಾಲಿಯಲ್ಲಿರುವ ಒಬ್ಬ ಗೆಳತಿಯ ಮನೆ ದೊಡ್ಡದು, ಟಿವಿ ಅದಕ್ಕಿಂತ ದೊಡ್ಡದು. ತಿಂಗಳಿಗೊಮ್ಮೆ ನಾವು ಕನ್ನಡದ ಹೆಂಗಸರು ಮಧ್ಯಾಹ್ನ ಅಲ್ಲಿ ಸೇರಿ ಯಾವುದಾದರೂ ಪರದೇಶದ ಹಳೆಯ ಸಿನಿಮಾ ನೋಡುತ್ತೇವೆ. ಊರಿಂದ ಬಂದಿರುವ ಅಮ್ಮಂದಿರು, ಅತ್ತೆಯರಿಗೆ ಮುಂದಿನ ಸೋಫಾ ಮೀಸಲು. ಅವರಿಗೆ ಕೆಳಗೆ ಓಡುವ ಇಂಗ್ಲಿಷ್ ಅಕ್ಷರ ಓದಲು ಆಗುವುದಿಲ್ಲ. ಆದ್ದರಿಂದ ಸೋಫಾದ ಪಕ್ಕ ಒಂದು ಬೆತ್ತದ ಮೋಡಾ ಹಾಕಿ ನನ್ನನ್ನು ಕೂರಿಸುತ್ತಾರೆ, ನಾನು ಓದಿ ಓದಿ ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ.

ಹೇಳುತ್ತೇನೆ ಎಂದರೆ, ಹೇಳಬೇಕಾದ್ದನ್ನು ಹೇಳುತ್ತೇನೆ. ನಾಯಕ ವೈನ್ ಕುಡಿದರೆ ಅದು ದ್ರಾಕ್ಷಿ ಶರಬತ್ತು. ಮದುವೆಯಾಗದೆ ಇಬ್ಬರು ಒಂದೇ ಮನೆಯಲ್ಲಿದ್ದರೆ, "ರಿಜಿಸ್ಟರ್ ಮದುವೆ ಆಗಿದೆ, ತೋರಿಸಿಲ್ಲ ಅಷ್ಟೇ." ಮುತ್ತು ಕೊಡುವ ಹೊತ್ತಿಗೆ ಸರಿಯಾಗಿ ನಾನು ಚಕ್ಕುಲಿ ತಟ್ಟೆ ಮುಂದಕ್ಕೆ ಹಿಡಿಯುತ್ತೇನೆ. ಒಂದು ಸಲ ಮಂಗಳೂರಿನ ಕಡೆಯ ಅಜ್ಜಿಯೊಬ್ಬರು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, "ಚಕ್ಕುಲಿ ಆಮೇಲೆ ತಿನ್ನುವ ಮಾರಾಯ್ತಿ, ಈಗ ಅಡ್ಡ ಬರಬೇಡ" ಎಂದುಬಿಟ್ಟರು. ಹಿಂದೆ ಕೂತವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಈಗ ನಾನು ಹೇಳಹೊರಟಿರುವ ಶನಿವಾರದ ಸಿನಿಮಾವನ್ನು ಆರಿಸಿದ್ದು ನನ್ನ ಮಗಳು. ಅದಕ್ಕೆ ಮೊದಲು ಇನ್ನೊಂದು ವಿಷಯ ಹೇಳಿಬಿಡಬೇಕು. ಅವಳು ಆಗ ಇಲ್ಲೇ ಮೂರನೇ ವರ್ಷದ ಮೆಡಿಕಲ್ ಓದುತ್ತಿದ್ದಳು. ನನ್ನ ಗಂಡ ಡಾಕ್ಟರು, ಬೇರೊಂದು ಮೆಡಿಕಲ್ ಕಾಲೇಜಿನಲ್ಲಿ ಪಾಠವನ್ನೂ ಮಾಡುತ್ತಾರೆ. ನಾನು ಇಪ್ಪತ್ತೆರಡು ವರ್ಷದಿಂದ ಶಾಲೆಯಲ್ಲಿ ಬಯಾಲಜಿ ಟೀಚರು. ಬೇಕೆಂದು ಆದವಳಲ್ಲ. ಮೈಸೂರಿನಲ್ಲಿ ಪಿಯುಸಿ ಮುಗಿಸಿದಾಗ ಮೆಡಿಕಲ್ ಸೀಟು ಇನ್ನೇನು ಸಿಕ್ಕಿತು ಎನ್ನುವಷ್ಟರಲ್ಲಿ ತಪ್ಪಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ಬಿಎಸ್ಸಿ, ಬಿಎಡ್, ಮದುವೆ, ನೈರೋಬಿ. ಯಾರಾದರೂ ಏನು ಮಾಡುತ್ತೀರಿ ಎಂದು ಕೇಳಿದರೆ, "ನಮ್ಮನೆಯವರು ಡಾಕ್ಟರು. ನಾನು ಸುಮ್ನೆ ಟೀಚರ್" ಎನ್ನುವುದು ನನಗೆ ರೂಢಿಯಾಗಿತ್ತು. ಮಗಳಿಗೆ ಸೀಟು ಸಿಕ್ಕ ದಿನ ಅವಳಿಗಿಂತ ಹೆಚ್ಚು ಕುಣಿದವಳು ನಾನು.

ಆ ಮಗಳು ಕೆಲವು ದಿನಗಳಿಂದ ನನ್ನ ಹಿಂದೆ ಮುಂದೆ ಸುಳಿಯುತ್ತಿದ್ದಳು. "ಅಮ್ಮಾ, ಕ್ಯಾನ್ ವೀ ಟಾಕ್?" ಎನ್ನುವಳು. ನನಗೆ ಆಗಲೇ ಕುಕ್ಕರ್ ಕೂಗಬೇಕು, ಇಲ್ಲವೇ ಪೇಪರ್ ತಿದ್ದಬೇಕು. ಅವಳ ಬಿಳಿ ಕೋಟು ಎರಡು ಮೂರು ವಾರದಿಂದ ಒಗೆಯಲು ಬಿದ್ದಿರಲಿಲ್ಲ. ಮೊಳೆಯಲ್ಲಿ ಇಸ್ತ್ರಿ ಕೆಡದೆ ತೂಗಾಡುತ್ತಿತ್ತು. ಅದನ್ನು ಮೆಷಿನ್ನಿಗೆ ಹಾಕುವವಳು ನಾನು, ನನಗೆ ಗೊತ್ತಾಗದೆ ಇರುತ್ತದೆಯೇ? ಗೊತ್ತಾಗಿತ್ತು. ಅವಳು ಬಾಯಿಬಿಟ್ಟು ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂಬ ಹೆದರಿಕೆಗೆ ಗೊತ್ತಿಲ್ಲದವಳ ಹಾಗೆ ಓಡಾಡಿಕೊಂಡಿದ್ದೆ.

ಸಿನಿಮಾ ತಾನು ತರುತ್ತೇನೆ ಎಂದು ಗೆಳತಿಗೆ ಫೋನ್ ಮಾಡಿ ಒಪ್ಪಿಸಿದ್ದೂ ಅವಳೇ. ಆ ದಿನ ಕಾರನ್ನೂ ಅವಳೇ ಓಡಿಸಿದಳು. ಮುಂದೆ ಅತ್ತೆ, ಹಿಂದೆ ನಾನು, ನನ್ನ ತೊಡೆಯ ಮೇಲೆ ಕೋಡುಬಳೆ ಡಬ್ಬಿ. ವೆಸ್ಟ್‌ಲ್ಯಾಂಡ್ಸಿನಲ್ಲಿ ಒಂದು ಮಟಾಟು ವ್ಯಾನು ಅಡ್ಡ ನುಗ್ಗಿದಾಗ ಅವಳು ಬ್ರೇಕ್ ಒತ್ತಿ, ಕನ್ನಡಿಯಲ್ಲಿ ನನ್ನನ್ನು ನೋಡಿ, "ಅಮ್ಮಾ, ಪ್ಲೀಸ್. ಇವತ್ತು ಮಾತ್ರ ಟ್ರಾನ್ಸ್‌ಲೇಟ್ ಪ್ರಾಪರ್ಲಿ. ಎವ್ರಿಥಿಂಗ್" ಎಂದಳು.

"ಏನಂತೆ?" ಎಂದರು ಅತ್ತೆ.

"ಕೋಡುಬಳೆ ಚೆನ್ನಾಗಿ ಬಂದಿದೆಯಂತೆ" ಎಂದೆ.

ಸಿನಿಮಾ ಕಪ್ಪು ಬಿಳುಪಿನದು, ಬಹಳ ಹಳೆಯದು. ಪ್ಯಾರಿಸ್ಸಿನಲ್ಲಿ ಒಬ್ಬ ಹುಡುಗ ಮೆಡಿಕಲ್ ಓದುತ್ತಿದ್ದಾನೆ. ಅಪ್ಪ ದೊಡ್ಡ ಡಾಕ್ಟರು. 'ಡಾಕ್ಟರ್ ಓದೋ ಹುಡುಗ' ಎಂದು ನಾನು ಹೇಳಿದ ಕೂಡಲೇ ಮುಂದಿನ ಸೋಫಾ ನೆಟ್ಟಗಾಯಿತು. "ನೋಡೋಕೂ ಲಕ್ಷಣವಾಗಿದಾನೆ, ಜಾತಕ ತರಿಸಿ" ಎಂದರು ಯಾರೋ. ರಜೆಯಲ್ಲಿ ಅವನು ಸಮುದ್ರದ ಪಕ್ಕದ ಒಂದು ಹಳ್ಳಿಗೆ ಹೋಗುತ್ತಾನೆ. ಅಲ್ಲಿ ಪುಟ್ಟ ಶಾಲೆ ನಡೆಸುವ ಒಬ್ಬ ಹೆಂಗಸು. ಅವಳ ಮೇಲೆ ಅವನಿಗೆ ಪ್ರೀತಿ. ಅವಳಿಗೆ ಹುಷಾರಿಲ್ಲದ ದಿನ ಇವನು ಮಕ್ಕಳಿಗೆ ಪಾಠ ಹೇಳುತ್ತಾನೆ, ಅಲ್ಲಿಗೆ ಅವನ ಡಾಕ್ಟರಿಕೆಯ ಕತೆ ಮುಗಿಯಿತು. ಪ್ಯಾರಿಸ್ಸಿಗೆ ವಾಪಸ್ ಬಂದವನಿಗೆ ಹೆಣ ಕೊಯ್ಯುವ ಕೋಣೆಯಲ್ಲಿ ಉಸಿರು ಕಟ್ಟುತ್ತದೆ. ಪರೀಕ್ಷೆಯ ದಿನ ಕಾಲೇಜಿನ ಬಾಗಿಲವರೆಗೂ ಹೋಗಿ, ನಿಂತು, ತಿರುಗಿ ಹೊರಟುಬಿಡುತ್ತಾನೆ.

ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ ಮಗಳು ಟಿವಿ ನೋಡುತ್ತಿರಲಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದಳು.

"ಪೇಪರ್ ಸುಲಭ ಇತ್ತಂತೆ" ಎಂದೆ. "ಬೇಗ ಮುಗಿಸಿ ಆಚೆ ಬಂದ."

"ಒಳಗೆ ಹೋದದ್ದೇ ಕಾಣಲಿಲ್ಲವಲ್ಲ?" ಎಂದರು ಮಂಗಳೂರಿನ ಅಜ್ಜಿ.

"ಕತ್ತರಿಸಿದಾರೆ. ಸಿನಿಮಾ ಉದ್ದ ಆಯ್ತು ಅಂತ."

ಒಂದು ಸುಳ್ಳಿಗೆ ಕಾವಲು ಕೂರಿಸಲು ಇನ್ನೊಂದು ಬೇಕಾಗುತ್ತದೆ. ಹುಡುಗ ತನ್ನ ಪುಸ್ತಕಗಳನ್ನೂ ಮೂಳೆಗಳ ಪೆಟ್ಟಿಗೆಯನ್ನೂ ಹಳೇ ಅಂಗಡಿಗೆ ಮಾರಿದ. "ಬಡ ಹುಡುಗರಿಗೆ ದಾನ ಮಾಡ್ತಿದಾನೆ" ಎಂದೆ. ಅಮ್ಮಂದಿರು ಚಪ್ಪಾಳೆ ತಟ್ಟುವುದೊಂದು ಬಾಕಿ. ಆ ಹೆಂಗಸು ಇವನನ್ನು ಬಿಟ್ಟು ಒಬ್ಬ ಹಡಗಿನ ಕಪ್ತಾನನನ್ನು ಮದುವೆಯಾಗಿ ಹೋಗುತ್ತಾಳೆ, ಇವನು ಅಳುತ್ತಾನೆ. ಇದನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಹೇಳಿದೆ, ಪ್ರೀತಿ ಮುರಿದರೆ ನಮಗೇನು ನಷ್ಟ? ಆದರೆ ಹುಡುಗ ಓದಿಗೆ ಮರಳುವುದಿಲ್ಲ. ಅವಳಿಲ್ಲದ ಶಾಲೆಯಲ್ಲೇ ಮೇಷ್ಟ್ರಾಗಿ ಉಳಿದುಬಿಡುತ್ತಾನೆ. ಕೊನೆಯಲ್ಲಿ ಡಾಕ್ಟರ್ ಅಪ್ಪ ಅಷ್ಟು ದೂರದಿಂದ ಬಂದು, ಶಾಲೆಯ ಕಿಟಕಿಯಲ್ಲಿ ನಿಂತು ಮಗ ಪಾಠ ಮಾಡುವುದನ್ನು ನೋಡುತ್ತಾನೆ. ಒಳಗೆ ಹೋಗುವುದಿಲ್ಲ. ಮಾತಾಡದೆ ರೈಲು ಹತ್ತುತ್ತಾನೆ.

"ಡಾಕ್ಟರಾದ ಮೇಲೆ ಮಕ್ಕಳಿಗೆ ಆರೋಗ್ಯದ ಬಗ್ಗೆ ಭಾಷಣ ಮಾಡ್ತಿದಾನೆ" ಎಂದೆ. "ಅಪ್ಪನಿಗೆ ಹೆಮ್ಮೆ ತಡೆಯಕ್ಕಾಗ್ಲಿಲ್ಲ, ಹೊರಟುಹೋದ. ಶುಭಂ."

ಎಲ್ಲರೂ ಕಣ್ಣೊರೆಸಿಕೊಂಡರು. ಹಿಂದಿನ ಸಾಲಿನ ಗೆಳತಿಯರು, ಅಂದರೆ ಅಕ್ಷರ ಓದಿಕೊಂಡವರು, ನನ್ನನ್ನು ನೋಡಿ ಕಿಸಿಕಿಸಿ ನಗುತ್ತಿದ್ದರು. ನಮ್ಮತ್ತೆ ಮಾತ್ರ ಸೋಫಾ ಬಿಟ್ಟು ಏಳಲಿಲ್ಲ. ಟೀ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೇಳಿದರು.

"ಅಲ್ಲ ಕಣೇ, ಡಾಕ್ಟರಾದವನು ಮೈಮೇಲೆ ಆ ತೇಪೆ ಹಾಕಿದ ಕೋಟ್ ಯಾಕೆ ಹಾಕ್ಕೊಂಡಿದ್ದ?"

"ಸರಳ ಜೀವನ ಅತ್ತೆ."

"ಮತ್ತೆ ದಾನ ಮಾಡಿದ್ನಲ್ಲ, ಆ ಅಂಗಡಿಯೋನು ಇವನ ಕೈಗೆ ದುಡ್ಡು ಯಾಕೆ ಕೊಟ್ಟ?"

ಇಡೀ ಕೋಣೆ ಗೊಳ್ಳೆಂದಿತು. ನಾನೂ ನಕ್ಕೆ. ಮಗಳು ನಗಲಿಲ್ಲ. ಎದ್ದು ಕಾರಿನ ಕೀಲಿ ತೆಗೆದುಕೊಂಡು ಹೊರಗೆ ಹೋದಳು. ಗೇಟಿನ ಕಾವಲುಗಾರ ಅಸ್ಕಾರಿ "ಹಬಾರಿ" ಎಂದು ಕ್ಷೇಮ ಕೇಳಿದರೆ ಅದಕ್ಕೂ ಅವಳು ಉತ್ತರ ಕೊಡದೆ ಹೋದದ್ದನ್ನು ಕಿಟಕಿಯಿಂದ ನೋಡಿ ನನ್ನ ನಗು ಅರ್ಧಕ್ಕೇ ನಿಂತಿತು.

ವಾಪಸ್ ಬರುವಾಗ ರಿವರ್‌ಸೈಡಿನ ಹತ್ತಿರ ಜಾಮ್. ಮೋಟಾರ್ ಸೈಕಲ್ಲುಗಳು ಎರಡೂ ಕಡೆಯಿಂದ ಸಂದು ಮಾಡಿಕೊಂಡು ಹೋಗುತ್ತಿದ್ದವು, ನಮ್ಮ ಕಾರು ನಿಂತಲ್ಲೇ ನಿಂತಿತ್ತು. ಮಗಳು ರಸ್ತೆಯನ್ನೇ ನೋಡುತ್ತಾ ಇಂಗ್ಲಿಷಿನಲ್ಲಿ, ನಿಧಾನವಾಗಿ, ನನಗೆ ಒಂದೊಂದು ಮಾತೂ ಕೇಳಿಸಲಿ ಎನ್ನುವ ಹಾಗೆ ಹೇಳಿದಳು. ಮೂರು ವಾರದಿಂದ ತಾನು ಆಸ್ಪತ್ರೆಗೆ ಹೋಗಿಲ್ಲ. ಬೆಳಿಗ್ಗೆ ಹೊರಟು ಕಾಂಗೆಮಿಯ ಒಂದು ಚಿಕ್ಕ ಶಾಲೆಗೆ ಹೋಗಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ತನಗೆ ಡಾಕ್ಟರ್ ಆಗುವುದು ಬೇಡ. ಇದನ್ನು ಅಜ್ಜಿಗೆ ಹೇಳು, ಅಮ್ಮ. ಅಜ್ಜಿ ಊರಿಗೆ ಹೋಗುವ ಮೊದಲು ಅವರಿಗೆ ಗೊತ್ತಾಗಬೇಕು.

"ಏನಂತೆ ಮಗು? ಯಾಕೆ ಮುಖ ಸಣ್ಣ ಮಾಡ್ಕೊಂಡಿದಾಳೆ?" ಅತ್ತೆ ಹಿಂದೆ ತಿರುಗಿದರು.

ಅತ್ತೆ ತಮ್ಮ ಬೀದಿಗೆಲ್ಲ ಡಂಗುರ ಸಾರಿ ಬಂದಿದ್ದರು, ಮೊಮ್ಮಗಳು ಡಾಕ್ಟರಾಗುತ್ತಾಳೆ, ಮುಂದೆ ತಮ್ಮ ಮಂಡಿನೋವನ್ನು ಅವಳೇ ನೋಡುತ್ತಾಳೆ ಎಂದು. ನಾನು ಹೇಳಿದೆ, "ವಾರ್ಡಿನಲ್ಲಿ ಕೆಲಸ ಜಾಸ್ತಿ ಅಂತೆ ಅತ್ತೆ. ತುಂಬಾ ಸುಸ್ತು ಅಂತಾಳೆ."

ಮಗಳು ಇಂಡಿಕೇಟರ್ ಹಾಕಿದಳು. ಹಾರ್ನುಗಳ ನಡುವೆಯೇ ಕಾರನ್ನು ಎಡಕ್ಕೆ ಎಳೆದು, ಪಕ್ಕದ ಪೆಟ್ರೋಲ್ ಬಂಕಿನೊಳಗೆ ನಿಲ್ಲಿಸಿ, ಎಂಜಿನ್ ಆರಿಸಿದಳು. ಸೀಟ್ ಬೆಲ್ಟ್ ಬಿಚ್ಚಿ ಅಜ್ಜಿಯ ಕಡೆ ಪೂರ್ತಿ ತಿರುಗಿದಳು.

"ಅಜ್ಜಿ. ಅಮ್ಮ ಸುಳ್ಳು ಹೇಳ್ತಾಳೆ" ಎಂದಳು. ಕನ್ನಡದಲ್ಲಿ! "ನಾನು ಮೂರು ವಾರ ಆಸ್ಪತ್ರೆ ಹೋಗಿಲ್ಲ. ನಂಗೆ ಡಾಕ್ಟರ್ ಬೇಡ. ನಾನು ಶಾಲೆ ಹೋಗಿ... ಹೋಗಿದೀನಿ. ಮಕ್ಕಳು ಇದಾರೆ. ನಂಗೆ ಅಮ್ಮ ಮಾಡೋ ಕೆಲಸ ಬೇಕು."

ಇಷ್ಟು ಉದ್ದದ ಕನ್ನಡ ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಮಧ್ಯೆ ಮಧ್ಯೆ ಪದ ಹುಡುಕಿಕೊಂಡು, ಗಲ್ಲ ಕೆಂಪಾಗಿಸಿಕೊಂಡು ಹೇಳಿದಳು. ಅಷ್ಟರಲ್ಲಿ ಬಂಕಿನ ಹಸಿರು ಕೋಟಿನ ಹೆಂಗಸು ಬಂದು ಗಾಜು ತಟ್ಟಿದಳು, ಎಷ್ಟು ಹಾಕಲಿ ಎಂದು. ಒಳಗೆ ನೋಡಿದರೆ ಮೂರು ಹೆಂಗಸರೂ ಕಣ್ಣಲ್ಲಿ ನೀರು ತುಂಬಿಕೊಂಡು ಕೂತಿದ್ದೇವೆ. "ಪೋಲೆ, ಪೋಲೆ ಸನಾ" ಎಂದು ಪಾಪ ಮರುಕಪಟ್ಟಳು, ಯಾರೋ ತೀರಿಕೊಂಡಿರಬೇಕು ಎಂದುಕೊಂಡಳೋ ಏನೋ. ಅತ್ತೆ ತಮಗೆ ಬರುವ ಒಂದೇ ಸ್ವಾಹಿಲಿ ಪದದಲ್ಲಿ, "ಸವಾ, ಸವಾ", ಸರಿ ಸರಿ ಎಂದು ಕೈಯಾಡಿಸಿ ಅವಳನ್ನು ಕಳಿಸಿದರು.

ಆಮೇಲೆ ನನ್ನ ಕಡೆ ತಿರುಗಿದರು. "ನೀನು ಕಾಗೆ ಹಾರಿಸ್ತೀಯ ಅಂತ ನಂಗೆ ಬಂದ ವಾರವೇ ಗೊತ್ತಾಯ್ತು. ಅಜ್ಜಿಗೆ ಕೇಳಿಸ್ತಾ ಇದೆಯಾ ಅಂತ ವಿಚಾರಿಸಿದ ಮಗು, ಟಿವಿ ಸೌಂಡ್ ಜಾಸ್ತಿ ಮಾಡಿದ್ರೆ ರೂಮಿನ ಬಾಗ್ಲು ಯಾಕೆ ಹಾಕ್ಕೊಳತ್ತೆ? ನೀನು ಹೇಳೋದು ಕೇಳೋಕೆ ಚೆನ್ನಾಗಿತ್ತು, ಸುಮ್ನಿದ್ದೆ. ಆದ್ರೆ ಇದ್ರಲ್ಲೂ ಸುಳ್ಳೇನೇ?"

ನಾನು ಖಾಲಿ ಕೋಡುಬಳೆ ಡಬ್ಬಿಯ ಮುಚ್ಚಳವನ್ನು ಒತ್ತಿ ಒತ್ತಿ ಹಾಕಿದೆ.

"ನಂಗೆ ಬೇಜಾರಾಗಿದೆ ಮಗು" ಎಂದರು ಮೊಮ್ಮಗಳಿಗೆ. "ಆಗಿಲ್ಲ ಅಂತ ಹೇಳಲ್ಲ. ಊರಲ್ಲಿ ಎಲ್ರಿಗೂ ಹೇಳ್ಕೊಂಡು ಬಂದಿದೀನಿ. ಈಗ ಏನಂತ ಹೇಳ್ಲಿ? ಇರ್ಲಿ, ಅದು ನನ್ನ ಪಾಡು. ಆ ಮಕ್ಕಳಿಗೆ ಏನು ಹೇಳ್ಕೊಡ್ತೀಯ, ಅದು ಹೇಳು."

ಮಗಳು ಕನ್ನಡ ಸಾಲದೆ ಕೈ ಉಪಯೋಗಿಸಿದಳು. ಹೃದಯದ ಪಾಠವಂತೆ. ಮೊದಲು ಮಕ್ಕಳನ್ನೆಲ್ಲ ಅಂಗಳದಲ್ಲಿ ಎರಡು ಸುತ್ತು ಓಡಿಸುತ್ತಾಳಂತೆ. ಬಂದ ಕೂಡಲೇ ಒಬ್ಬರ ಮಣಿಕಟ್ಟು ಇನ್ನೊಬ್ಬರು ಹಿಡಿದು ಎಣಿಸಬೇಕಂತೆ. ಪುಸ್ತಕ ತೆರೆಯುವುದು ಆಮೇಲೆ. ಹೇಳುತ್ತಾ ಹೇಳುತ್ತಾ ಅಜ್ಜಿಯ ಮಣಿಕಟ್ಟನ್ನು ಹಿಡಿದುಬಿಟ್ಟಳು. ಅದು ನನ್ನ ಪಾಠ. ಅವಳು ಐದಾರು ವರ್ಷದವಳಿದ್ದಾಗ ಮನೆಯಲ್ಲಿ ನೋಡಿಕೊಳ್ಳುವವರು ಇಲ್ಲದ ದಿನ ನನ್ನ ಕ್ಲಾಸಿಗೇ ಕರೆದುಕೊಂಡು ಹೋಗಿ ಕೊನೆಯ ಬೆಂಚಿನಲ್ಲಿ ಕೂರಿಸುತ್ತಿದ್ದೆ. ಬಣ್ಣ ಹಚ್ಚಿಕೊಂಡಿರುತ್ತಾಳೆ, ಅವಳಿಗೇನು ಗೊತ್ತಾಗುತ್ತದೆ ಎಂದುಕೊಂಡಿದ್ದೆ.

ಅಷ್ಟಕ್ಕೇ ನಾನು ಕರಗಿಹೋದೆ ಎಂದುಕೊಳ್ಳಬೇಡಿ. ದಾರಿಯುದ್ದಕ್ಕೂ ಬೈದೆ. ಮೂರು ವರ್ಷ ನೀರಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎಂದೆ. ಟೀಚರ್ ಕೆಲಸ ಏನೆಂದುಕೊಂಡಿದ್ದೀಯ, ಗಂಟಲು ಹರಿದು ಹೋಗುತ್ತದೆ, ಕಾಲು ಊದುತ್ತದೆ, ಮಕ್ಕಳ ಅಪ್ಪ ಅಮ್ಮಂದಿರು ತಲೆ ತಿನ್ನುತ್ತಾರೆ ಎಂದೆ. ಅವಳು, "ಐ ನೋ, ಅಮ್ಮ" ಎಂದಳು. ಅತ್ತೆ, "ಏನಂತೆ?" ಎಂದರು. "ಗೊತ್ತಂತೆ" ಎಂದೆ. ಆ ಆರು ತಿಂಗಳಲ್ಲಿ ಅದೊಂದೇ ಸರಿಯಾದ ಭಾಷಾಂತರ ಇರಬೇಕು.

ಮನೆ ತಲುಪಿದಾಗ ಗಂಡ ಆಗಲೇ ಬಂದು ಟೀ ಮಾಡಿಕೊಂಡು ಕೂತಿದ್ದರು. "ಹೇಗಿತ್ತು ಫ್ರೆಂಚ್ ಸಿನಿಮಾ?" ಎಂದರು. ಅತ್ತೆ ನಡುಮನೆಯ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತು ನನ್ನನ್ನು ನೋಡಿದರು. ಮಗಳು ಅಪ್ಪನ ಮುಂದೆ ನಿಂತು ಬಾಯಿ ತೆರೆದಳು, ಮುಚ್ಚಿದಳು. ಅಪ್ಪನಿಗೆ ಇಂಗ್ಲಿಷೂ ಬರುತ್ತದೆ, ಕನ್ನಡವೂ ಬರುತ್ತದೆ, ನಡುವೆ ಯಾರೂ ಬೇಕಿಲ್ಲ. ಆದರೆ ಅವರ ಮುಂದೆ ಅವಳಿಗೆ ಯಾವ ಭಾಷೆಯೂ ಹೊರಡಲಿಲ್ಲ. ನನ್ನ ಕಡೆ ತಿರುಗಿ, "ಅಮ್ಮಾ, ಯೂ ಟೆಲ್ ಹಿಮ್" ಎಂದಳು.

ಇಷ್ಟೆಲ್ಲ ಆದಮೇಲೂ ನನ್ನನ್ನೇ ಕೇಳಿದಳಲ್ಲ! ನನಗೆ ನಗುವೂ ಬಂತು, ಸಂಕಟವೂ ಆಯಿತು. ನಿಂತಲ್ಲೇ ನಿಂತು ಹೇಳಿದೆ. ಮೂರು ವಾರ ಎಂದರೆ ಮೂರು ವಾರ ಎಂದೆ, ಸುಸ್ತು ಎನ್ನಲಿಲ್ಲ. ಬೇಡ ಎಂದದ್ದನ್ನು ಬೇಡ ಎಂದೇ ಹೇಳಿದೆ. ಕಾಂಗೆಮಿಯ ಶಾಲೆ, ಮಕ್ಕಳು, ಎಲ್ಲ ಹೇಳಿದೆ. ಅವಳಿಗೆ ನಾನು ಮಾಡುವ ಕೆಲಸ ಬೇಕಂತೆ ಎನ್ನುವುದನ್ನೂ ಬಿಡಲಿಲ್ಲ.

ಗಂಡ ಟೀ ಕಪ್ಪು ಕೆಳಗಿಟ್ಟರು. ಮಗಳನ್ನು ನೋಡಿದರು. ಅವರ ಮುಖದಲ್ಲಿ ನೋವಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಆಮೇಲೆ ನನ್ನನ್ನು ಕೇಳಿದರು.

"ಇದೆಲ್ಲ ಅವಳ ಮಾತು. ನೀನೇನಂತೀಯ?"

ಈ ಪ್ರಶ್ನೆಗೆ ನಾನು ಸಿದ್ಧಳಾಗಿರಲಿಲ್ಲ. ನನ್ನದು ಯಾವಾಗಲೂ ಬೇರೆಯವರ ಮಾತನ್ನು ದಾಟಿಸುವ ಕೆಲಸ, ಆ ಕೆಲಸದ ಮರೆಯಲ್ಲಿ ನನ್ನ ಮಾತು ಹೇಳುವ ತಾಪತ್ರಯವೇ ಇರುತ್ತಿರಲಿಲ್ಲ. ಅತ್ತೆ ಕಾಯುತ್ತಿದ್ದರು. ಮಗಳು ನೆಲ ನೋಡುತ್ತಿದ್ದಳು, ನಾನು ಈಗ ಏನು ಸುಳ್ಳು ಹೇಳುತ್ತೇನೋ ಎಂದು.

"ನಂಗೆ ತುಂಬಾ ಸಿಟ್ಟು ಬಂದಿದೆ ರೀ" ಎಂದೆ. "ಆದ್ರೆ ಅವಳು ಒಳ್ಳೇ ಟೀಚರ್ ಆಗ್ತಾಳೆ. ನೋಡಿದ ಕೂಡ್ಲೇ ನಂಗೆ ಗೊತ್ತಾಗತ್ತೆ. ನಾನು ಒಳ್ಳೇ ಟೀಚರು."

ಇಪ್ಪತ್ತೆರಡು ವರ್ಷದಲ್ಲಿ ಆ ಕೊನೆಯ ಮಾತನ್ನು ನಾನು ಯಾರಿಗೂ, ಯಾವ ಭಾಷೆಯಲ್ಲೂ ಹೇಳಿರಲಿಲ್ಲ.